ಸೂಪರ್‌ಹೀರೋ ಸೀರೀಸ್‌ಗಳ ಪೈಪೋಟಿ: ಎಪಿಸೋಡ್ ಬರೆಯೋದು ಗೊತ್ತಿದ್ದವರು ಗೆದ್ದರು

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಕಂಪನಿಗಳಲ್ಲಿ ಮಾರ್ವೆಲ್ ದೊಡ್ಡದೋ ಡಿಸಿ ದೊಡ್ಡದೋ ಅನ್ನೋ ಜಗಳ ವಿಜಯಪುರದ ಹುಡುಗರ ರೂಮುಗಳಿಗೂ ಬಂದು ಸುಮಾರು ವರ್ಷಗಳಾದವು. ಈಗ ಅದಕ್ಕೆ ಮೂರನೇ ಪಾರ್ಟಿಯೂ ಸೇರಿಕೊಂಡಿದೆ, ಅಮೆಜಾನ್‌ನ 'ದಿ ಬಾಯ್ಸ್'. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಓದೋಕೆ ಬಂದ ಹುಡುಗರು ನಾಲ್ಕು ಮಂದಿ ಸೇರಿ ಒಂದು ರೂಮು ಮಾಡಿರುತ್ತಾರೆ. ಒಬ್ಬನ ಪಾಸ್‌ವರ್ಡ್ ಎಲ್ಲರ ಫೋನಿನಲ್ಲೂ ಇರುತ್ತದೆ. ರಾತ್ರಿ ಹನ್ನೆರಡಕ್ಕೆ ಆ ದಿನದ ಡೇಟಾ ಖಾಲಿ ಲೆಕ್ಕಕ್ಕೆ ಹೋಗುತ್ತದಲ್ಲ, ಅದಕ್ಕೂ ಮುಂಚೆ ಒಂದು ಎಪಿಸೋಡ್ ಮುಗಿಸಬೇಕು ಅನ್ನೋ ಅವಸರವೂ ಇರುತ್ತದೆ. ನನ್ನ ಅಕ್ಕನ ಮಗ ಅಂಥದೇ ಒಂದು ರೂಮಿನವನು. ಅವನ ವಾದ ಸರಳ: "ಮಾಮಾ, ಹೋಮ್‌ಲ್ಯಾಂಡರ್ ಮುಂದ ನಿಮ್ಮ ಡೇರ್‌ಡೆವಿಲ್ ಎರಡ ನಿಮಿಷ ನಿಂದ್ರಂಗಿಲ್ಲ ನೋಡ್ರಿ."

ನಿಜ, ಎರಡು ನಿಮಿಷ ಜಾಸ್ತಿಯೇ ಆಯ್ತು. ಡೇರ್‌ಡೆವಿಲ್ ಮಾರ್ವೆಲ್‌ನ ಕಣ್ಣು ಕಾಣದ ಹೀರೋ, 'ಬಾಯ್ಸ್'ನ ಹೋಮ್‌ಲ್ಯಾಂಡರ್ ಕಣ್ಣಿಂದಲೇ ಸುಟ್ಟುಬಿಡುತ್ತಾನೆ. ಆದರೆ ಯಾವ ಸೀರೀಸ್ ಚೆನ್ನಾಗಿದೆ ಅಂತ ಕೇಳಿದಾಗ ಈ ತೋಳ್ಬಲದ ಲೆಕ್ಕದಿಂದ ಏನೂ ಸಿಗೋದಿಲ್ಲ. ಕಂಪನಿ ಹೆಸರಿನಿಂದಲೂ ಸಿಗೋದಿಲ್ಲ. ಅಮೆರಿಕದಲ್ಲಿ ಮಾರ್ವೆಲ್ ಡಿಸ್ನಿಯದ್ದು, ಡಿಸಿ ವಾರ್ನರ್‌ನದ್ದು, ಇಬ್ಬರಿಗೂ ಬೇರೆ ಬೇರೆ ಆ್ಯಪ್. ನಮ್ಮಲ್ಲಿ ಹಾಟ್‌ಸ್ಟಾರ್ ಮತ್ತು ಜಿಯೋಸಿನಿಮಾ 2025ರ ಫೆಬ್ರವರಿಯಲ್ಲಿ ಸೇರಿ ಜಿಯೋಹಾಟ್‌ಸ್ಟಾರ್ ಆದ ಮೇಲೆ 'ಲೋಕಿ'ಯೂ ಅಲ್ಲೇ, 'ದಿ ಪೆಂಗ್ವಿನ್' ಕೂಡ ಅಲ್ಲೇ. ಅಲ್ಲಿ ಮುಖ ನೋಡದವರು ಇಲ್ಲಿ ಒಂದೇ ರೀಚಾರ್ಜ್‌ನಲ್ಲಿ ಬರುತ್ತಾರೆ. ಹಾಗಾಗಿ ನಮಗೆ ಯಾರ ಪಾರ್ಟಿಯನ್ನೂ ಹಿಡಿಯಬೇಕಾದ ದರ್ದಿಲ್ಲ. ನೋಡೋಕೆ ಇರೋದು ಒಂದೇ ವಿಷಯ. ದುಡ್ಡು ಎಲ್ಲಿಂದ ಬಂತು ಅನ್ನೋದು ಎಪಿಸೋಡ್ ಎಷ್ಟು ಅಂತ ತೀರ್ಮಾನಿಸಿತು, ಎಪಿಸೋಡ್ ಎಷ್ಟು ಅನ್ನೋದು ಕತೆ ಹೇಗಿರಬೇಕು ಅಂತ ತೀರ್ಮಾನಿಸಿತು. ಈ ಹನ್ನೆರಡು ಹದಿಮೂರು ವರ್ಷದ ಸೂಪರ್‌ಹೀರೋ ಟೀವಿಯ ಗೆಲುವು ಸೋಲು ಪೂರ್ತಿ ಇದರಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಹಳೆಯ ಲೆಕ್ಕದಿಂದ ಶುರು ಮಾಡೋಣ. 'ಆ್ಯರೋ' 2012ರಲ್ಲಿ ಬಂತು, 'ದಿ ಫ್ಲ್ಯಾಶ್' 2014ರಲ್ಲಿ. ಎರಡೂ ಡಿಸಿ ಕತೆಗಳು, ಬಂದದ್ದು ದಿ ಸಿಡಬ್ಲ್ಯೂ ಅನ್ನೋ ಚಾನೆಲ್‌ನಲ್ಲಿ. ಆ ಚಾನೆಲ್ ಸಿಬಿಎಸ್ ಮತ್ತು ವಾರ್ನರ್ ಇಬ್ಬರೂ ಸೇರಿ ನಡೆಸುತ್ತಿದ್ದದ್ದು. ಜಾಹೀರಾತಿನ ಮೇಲೆ ನಡೆಯೋ ಚಾನೆಲ್, ವರ್ಷಕ್ಕೆ ಇಪ್ಪತ್ತೆರಡು ಇಪ್ಪತ್ಮೂರು ಎಪಿಸೋಡ್ ಬೇಕೇ ಬೇಕು. 'ಫ್ಲ್ಯಾಶ್' 2023ರಲ್ಲಿ ಮುಗಿಯುವಾಗ ಒಂಬತ್ತು ಸೀಸನ್, 184 ಎಪಿಸೋಡ್ ಆಗಿತ್ತು. ಅಷ್ಟು ಹಿಟ್ಟಿಗೆ ಅಷ್ಟೇ ನೀರು. ವಾರಕ್ಕೊಬ್ಬ ಖಳನಾಯಕ ಬರುತ್ತಾನೆ, ಬ್ಯಾರಿ, ಅಂದರೆ ನಮ್ಮ ಫ್ಲ್ಯಾಶ್, ಮೊದಲ ಸಲ ಸೋಲುತ್ತಾನೆ, ಕಾರಿಡಾರಿನಲ್ಲಿ ಯಾರೋ ಒಬ್ಬರು ಅವನಿಗೆ ಧೈರ್ಯ ಹೇಳುತ್ತಾರೆ, ಎರಡನೇ ಸಲ ಅವನು ಇನ್ನೂ ಜೋರಾಗಿ ಓಡಿ ಗೆಲ್ಲುತ್ತಾನೆ. ಮೊದಲ ಮೂರು ಸೀಸನ್‌ನ ದೊಡ್ಡ ಖಳರು ರಿವರ್ಸ್ ಫ್ಲ್ಯಾಶ್, ಝೂಮ್, ಸವಿತಾರ್. ಮೂವರೂ ಓಡೋರೇ! ಓಡೋನಿಗೆ ಇನ್ನೊಬ್ಬ ಓಡೋನನ್ನೇ ಎಷ್ಟು ಸಲ ತಂದು ನಿಲ್ಲಿಸ್ತೀರಿ?

ಆದರೂ ಇದನ್ನು ಪೂರ್ತಿ ಬಯ್ಯೋಕೆ ನನಗೆ ಮನಸ್ಸಿಲ್ಲ. ಆ ತಂಡಕ್ಕೆ ಎಪಿಸೋಡ್ ಅಂದರೆ ಏನು ಅಂತ ಗೊತ್ತಿತ್ತು. ಅರ್ಧಕ್ಕೆ ಬಂದು ಕೂತವನಿಗೂ ನಲವತ್ತು ನಿಮಿಷದಲ್ಲಿ ಒಂದು ಕತೆ ಶುರುವಾಗಿ ಮುಗಿಯುತ್ತಿತ್ತು. 2019ರ ಡಿಸೆಂಬರ್‌ನಿಂದ 2020ರ ಜನವರಿವರೆಗೆ ಐದು ಸೀರೀಸ್‌ಗಳನ್ನು ಒಂದೇ ಕತೆಗೆ ಸೇರಿಸಿ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್' ಮಾಡಿದರು. ಸಿನಿಮಾದ ಫ್ಲ್ಯಾಶ್ ಬಂದು ಟೀವಿಯ ಫ್ಲ್ಯಾಶ್‌ನನ್ನು ಭೇಟಿಯಾದ, 1990ರ ಟೀವಿ ಫ್ಲ್ಯಾಶ್ ಕೂಡ ಬಂದ. ಸಿನಿಮಾದವರ ಹತ್ತಿರ ಇದ್ದ ದುಡ್ಡಿನ ಒಂದು ಚೂರೂ ಇಲ್ಲದೆ ಮಾಡಿದ ಕೆಲಸ ಅದು. ಗ್ರಾಫಿಕ್ಸ್ ಕಂಡು ನಗು ಬಂದರೆ ಬರಲಿ. ಈ ಸೀರೀಸ್‌ಗಳು ಮುಗಿದುಹೋದದ್ದಕ್ಕೆ ಕಾರಣ ಕತೆಯ ಆಚೆಗಿದೆ. ಚಾನೆಲ್‌ಗೆ ನಷ್ಟವಾದರೂ ನೆಟ್‌ಫ್ಲಿಕ್ಸ್‌ಗೆ ಮಾರಿದ ದುಡ್ಡಿನಲ್ಲಿ ಸ್ಟುಡಿಯೋಗಳಿಗೆ ಲಾಭವಾಗುತ್ತಿತ್ತು. 2019ರಲ್ಲಿ ಆ ಒಪ್ಪಂದ ಮುಗಿಯಿತು, 2022ರಲ್ಲಿ ನೆಕ್ಸ್‌ಸ್ಟಾರ್ ಕಂಪನಿ ಚಾನೆಲ್‌ನ ಮುಕ್ಕಾಲು ಪಾಲು ಕೊಂಡಿತು, ಮುಂದಿನ ವರ್ಷ ಫ್ಲ್ಯಾಶ್ ಓಟ ನಿಲ್ಲಿಸಿದ.

ಇನ್ನು 'ಡೇರ್‌ಡೆವಿಲ್'. 2015ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್ ಹದಿಮೂರು ಎಪಿಸೋಡ್‌ಗಳನ್ನು ಒಂದೇ ದಿನ ಬಿಟ್ಟಿತು. ಕಣ್ಣು ಕಾಣದ ವಕೀಲ, ರಾತ್ರಿ ಮುಖವಾಡ ಹಾಕಿಕೊಂಡು ಹೊಡೆದಾಡುತ್ತಾನೆ. ಎರಡನೇ ಎಪಿಸೋಡಿನ ಕೊನೆಗೆ ಒಂದು ಜಗಳ ಬರುತ್ತದೆ. ಅದನ್ನು ನೋಡಿದವರು ಮರೆಯೋದಿಲ್ಲ. ಉದ್ದದ ಇಕ್ಕಟ್ಟಾದ ಹಾದಿ, ಎರಡೂ ಕಡೆ ಬಾಗಿಲು, ಒಳಗೆಲ್ಲೋ ಎತ್ತಿಕೊಂಡು ಬಂದ ಒಬ್ಬ ಹುಡುಗ. ಕ್ಯಾಮೆರಾ ಕಟ್ ಆಗದೆ ಹಿಂದೆ ಮುಂದೆ ಹೋಗುತ್ತಿರುತ್ತದೆ. ಜಗಳ ಒಮ್ಮೊಮ್ಮೆ ಕೋಣೆಯೊಳಗೆ ಹೋಗುತ್ತದೆ. ಆಗ ನಮಗೆ ಸದ್ದು ಮಾತ್ರ ಕೇಳುತ್ತದೆ. ಬಿದ್ದವರು ಮತ್ತೆ ಏಳುತ್ತಾರೆ, ಹೀರೋಗೆ ಸುಸ್ತಾಗುತ್ತದೆ, ಗೋಡೆಗೆ ಒರಗಿ ಉಸಿರು ತೆಗೆದುಕೊಳ್ಳುತ್ತಾನೆ, ಅವನು ಹೊಡೆಯೋ ಕೊನೆಯ ಏಟುಗಳಲ್ಲಿ ಜೋರೇ ಇರೋದಿಲ್ಲ. ಆಮೇಲೆ ಆ ಹುಡುಗನನ್ನು ಎತ್ತಿಕೊಂಡು ನಡೆದು ಬರುತ್ತಾನೆ. ಸೂಪರ್‌ಹೀರೋ ದಣಿದದ್ದನ್ನು ಅಷ್ಟು ಹೊತ್ತು ತೋರಿಸಿದ್ದು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅಳಿಯನಿಗೆ ನಾನು ಹೇಳೋದು ಇದನ್ನೇ. ಎರಡು ನಿಮಿಷ ನಿಲ್ಲೋಕೆ ಆಗದವನು ಹೇಗೆ ನಿಲ್ಲುತ್ತಾನೆ ಅನ್ನೋದರಲ್ಲೇ ಕತೆ ಇರೋದು ಮಾರಾಯ.

ನೆಟ್‌ಫ್ಲಿಕ್ಸ್ ಲೆಕ್ಕದಲ್ಲೂ ತೊಂದರೆ ಇತ್ತು. ಹದಿಮೂರು ಎಪಿಸೋಡ್ ಅಂದರೆ ಹದಿಮೂರೇ, ಕತೆ ಎಂಟಕ್ಕೆ ಮುಗಿಯುವಂತಿದ್ದರೂ ಬಿಡೋ ಹಾಗಿಲ್ಲ. ಅಲ್ಲೇ ಬಂದ ಮಾರ್ವೆಲ್‌ನ ಇನ್ನೊಂದು ಸೀರೀಸ್ 'ಲ್ಯೂಕ್ ಕೇಜ್' ಮಧ್ಯಕ್ಕೆ ಬರುವಾಗ ಗಾಳಿ ಹೋದ ಟಯರ್. 'ಐರನ್ ಫಿಸ್ಟ್' ಬಗ್ಗೆ ಮಾತೇ ಬೇಡ. 'ಜೆಸ್ಸಿಕಾ ಜೋನ್ಸ್' ಮೊದಲ ಸೀಸನ್ ಮಾತ್ರ ಚೆನ್ನಾಗಿತ್ತು, ಅದೂ ಕಿಲ್‌ಗ್ರೇವ್ ಅನ್ನೋ ಖಳನಿಂದ. ಅವನು ಹೇಳಿದ್ದನ್ನು ಎದುರಿಗಿದ್ದವರು ಮಾಡಲೇಬೇಕು, ಅಷ್ಟೇ ಅವನ ಶಕ್ತಿ. 2018ರ ನವೆಂಬರ್‌ನಲ್ಲಿ ಡೇರ್‌ಡೆವಿಲ್ ನಿಂತಿತು. ಮೂರನೇ ಸೀಸನ್ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದಾಗಲೇ! ಡಿಸ್ನಿ ಸ್ವಂತ ಅಂಗಡಿ ತೆಗೆಯೋಕೆ ಹೊರಟಿತ್ತು, ನೆಟ್‌ಫ್ಲಿಕ್ಸ್‌ಗೆ ಬೇರೆಯವರ ಮಾಲು ಸಾಕಿ ಬೆಳೆಸೋ ಆಸಕ್ತಿ ಉಳಿದಿರಲಿಲ್ಲ.

ಡಿಸ್ನಿ ಪ್ಲಸ್ ಅಮೆರಿಕದಲ್ಲಿ ಶುರುವಾದದ್ದು 2019ರ ನವೆಂಬರ್‌ನಲ್ಲಿ. ಚಂದಾದಾರರು ತಿಂಗಳಿಂದ ತಿಂಗಳಿಗೆ ಉಳಿಯಬೇಕಾದರೆ ಪ್ರತಿ ತಿಂಗಳೂ ಏನಾದರೂ ಹೊಸದು ಇರಬೇಕು. 2021ರ ಒಂದೇ ವರ್ಷದಲ್ಲಿ 'ವಾಂಡಾವಿಷನ್', 'ಫಾಲ್ಕನ್ ಆ್ಯಂಡ್ ದಿ ವಿಂಟರ್ ಸೋಲ್ಜರ್', 'ಲೋಕಿ', 'ವಾಟ್ ಇಫ್', 'ಹಾಕ್‌ಐ' ಐದೂ ಬಂದವು. ಇವುಗಳನ್ನು ಮಾಡಿದ್ದು ಸಿನಿಮಾ ಮಾಡೋ ಜನ, ಸಿನಿಮಾ ಮಾಡೋ ರೀತಿಯಲ್ಲೇ. ಟೀವಿಯಲ್ಲಿ ಸಾಮಾನ್ಯವಾಗಿ ಮೊದಲು ಒಂದು ಪೈಲಟ್ ಎಪಿಸೋಡ್ ತೆಗೆಯುತ್ತಾರೆ, ಬರಹಗಾರರ ಕೋಣೆ ಇರುತ್ತದೆ, ಆ ಕೋಣೆಗೊಬ್ಬ ಯಜಮಾನ ಇರುತ್ತಾನೆ. ಅವನಿಗೆ ಶೋರನ್ನರ್ ಅಂತಾರೆ, ಕತೆಯ ಜುಟ್ಟು ಮೊದಲಿಂದ ಕೊನೆತನಕ ಅವನ ಕೈಯಲ್ಲೇ. ಮಾರ್ವೆಲ್ ಇದನ್ನೆಲ್ಲ ಪಕ್ಕಕ್ಕಿಟ್ಟಿತು. ಹೆಡ್ ರೈಟರ್ ಅಂತ ಒಬ್ಬರನ್ನು ಇಟ್ಟು, ಎಷ್ಟೋ ಸಲ ಒಬ್ಬನೇ ನಿರ್ದೇಶಕನಿಗೆ ಆರೂ ಎಪಿಸೋಡ್ ಕೊಟ್ಟು, ಸರಿ ಬರದಿದ್ದರೆ ಆಮೇಲೆ ರೀಶೂಟ್ ಮತ್ತು ಎಡಿಟಿಂಗ್‌ನಲ್ಲಿ ನೋಡಿಕೊಂಡರಾಯಿತು ಅಂತ ನಡೆಸಿತು.

ಫಲಿತಾಂಶ ಏನಾಯ್ತು? ನಾಲ್ಕೂವರೆ ಗಂಟೆಯ ಒಂದು ಸಿನಿಮಾ, ಆರು ಕಡೆ ಕತ್ತರಿ ಹಾಕಿದ್ದು. ಮೊದಲ ಎಪಿಸೋಡ್ ಪೀಠಿಕೆ, ಎರಡರಿಂದ ನಾಲ್ಕರವರೆಗೆ ಅಲೆದಾಟ, ಐದು ಅಳು, ಆರು ಹೊಡೆದಾಟ. 'ಫಾಲ್ಕನ್'ನಲ್ಲಿ ವಿಷಯ ಬಹಳ ಗಟ್ಟಿಯಾಗಿತ್ತು: ಒಬ್ಬ ಕಪ್ಪು ಅಮೆರಿಕನ್ ಕ್ಯಾಪ್ಟನ್ ಅಮೆರಿಕಾನ ಗುರಾಣಿ ಹಿಡಿಯಬಹುದಾ, ಹಿಡಿಯಬೇಕಾ ಅಂತ. ಐಸಾಯಾ ಬ್ರ್ಯಾಡ್ಲಿ ಅನ್ನೋ ಮುದುಕ ಮಾತಾಡೋ ದೃಶ್ಯಗಳು ಈಗಲೂ ಚುಚ್ಚುತ್ತವೆ. ಆದರೆ ಖಳರಿಗೆ ಏನು ಬೇಕಿತ್ತು ಅಂತ ಕೊನೆಗೂ ತಿಳಿಯಲಿಲ್ಲ. 2023ರ 'ಸೀಕ್ರೆಟ್ ಇನ್ವೇಷನ್'ಗೆ ಇಪ್ಪತ್ತು ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾಗಿದೆ ಅಂತ ವರದಿಯಾಯಿತು. ಆರು ಎಪಿಸೋಡ್‌ಗೆ! ಅದರ ಟೈಟಲ್ ಚಿತ್ರಗಳನ್ನು ಎಐನಿಂದ ಮಾಡಿಸಿದ್ದಕ್ಕೆ ಗಲಾಟೆ ಆಯ್ತು. ಜನಕ್ಕೆ ಈಗ ನೆನಪಿರೋದು ಆ ಗಲಾಟೆ ಮಾತ್ರ, ಕತೆ ಯಾರಿಗೂ ನೆನಪಿಲ್ಲ.

ನಮ್ಮ ಕಡೆ ರಾತ್ರಿಯಿಡೀ ಕೂತು ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಈ ತೊಂದರೆ ಏನು ಅಂತ ಬೇಗ ಅರ್ಥವಾಗುತ್ತದೆ. ಕುಲಗೋಡ ತಮ್ಮಣ್ಣ ಕಟ್ಟಿದ, ಕೌಜಲಗಿ ನಿಂಗಮ್ಮನಂಥವರು ಊರೂರಿಗೆ ಮುಟ್ಟಿಸಿದ ಆಟ ಅದು. ಕತೆ ಎಲ್ಲರಿಗೂ ಗೊತ್ತು: ಒಂದು ಹೂವು, ಇಬ್ಬರು ಹೆಂಡಂದಿರು, ನಡುವೆ ಸಿಕ್ಕಿಹಾಕಿಕೊಂಡ ಕೃಷ್ಣ. ಆದರೂ ಜನ ಕೂರುತ್ತಾರೆ. ಕೊರವಂಜಿ ಬಂದಾಗ ಆ ಭಾಗವೇ ಒಂದು ಪೂರ್ತಿ ಆಟ, ಅದಕ್ಕೆ ಅದರದ್ದೇ ನಗೆ, ಅದರದ್ದೇ ಹಾಡು, ಅದರದ್ದೇ ಮುಕ್ತಾಯ. ನಡುವೆ ಕಣ್ಣು ಹತ್ತಿ ಎದ್ದವನಿಗೂ ಏನೂ ತಪ್ಪಿದ ಹಾಗೆ ಅನಿಸೋದಿಲ್ಲ. ಮಾರ್ವೆಲ್‌ನ ಆರು ಎಪಿಸೋಡ್‌ಗಳಲ್ಲಿ ನಾಲ್ಕನೆಯದನ್ನು ಮಾತ್ರ ನೋಡಿ ಅಂತ ಯಾರಿಗಾದರೂ ಹೇಳೋಕಾಗುತ್ತಾ?

'ವಾಂಡಾವಿಷನ್' ಬಗ್ಗೆ ಹೇಳಬಹುದು. ಒಂಬತ್ತು ಎಪಿಸೋಡ್, ಮುಕ್ಕಾಲು ಭಾಗ ಒಂದೊಂದೂ ಒಂದೊಂದು ಕಾಲದ ಅಮೆರಿಕನ್ ಹಾಸ್ಯ ಧಾರಾವಾಹಿಯ ಧಾಟಿಯಲ್ಲಿ. ಮೊದಲನೆಯದು ಕಪ್ಪು ಬಿಳುಪು, ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡೇ ಚಿತ್ರೀಕರಿಸಿದ್ದು. ಆ ಹಳೆಯ ಧಾರಾವಾಹಿಗಳು ನಮಗೆ ಗೊತ್ತಿಲ್ಲ, ಹಾಗಾಗಿ ಮೊದಲ ಎರಡು ಎಪಿಸೋಡ್ ನೋಡುವಾಗ ಇದೇನಪ್ಪಾ ಅನಿಸೋದು ಸಹಜ. ಮೂರನೆಯದಕ್ಕೆ ಬರುವಷ್ಟರಲ್ಲಿ, ಗಂಡ ಸತ್ತದ್ದನ್ನು ಒಪ್ಪಿಕೊಳ್ಳದ ಹೆಂಗಸು ತನಗಾಗಿ ಒಂದು ಸುಳ್ಳು ಸಂಸಾರ ಕಟ್ಟಿಕೊಂಡಿದ್ದಾಳೆ ಅನ್ನೋ ವಾಸನೆ ಬಡಿಯೋಕೆ ಶುರುವಾಗುತ್ತದೆ. ವಾರಕ್ಕೊಂದರಂತೆ ಬಿಟ್ಟದ್ದರಿಂದ ಏಳು ದಿನ ಊಹೆ ಮಾಡೋಕೆ ಸಮಯವೂ ಸಿಕ್ಕಿತು. ಕೊನೆಯ ಎಪಿಸೋಡಿನಲ್ಲಿ ಮಾತ್ರ ಮತ್ತದೇ ಆಕಾಶದಲ್ಲಿ ಬಣ್ಣದ ಬೆಂಕಿ. 'ಲೋಕಿ'ಯೂ ಪಾಸ್, ಮುಖ್ಯವಾಗಿ ಮೊದಲ ಸೀಸನ್ನಿನ ಕೊನೆಯಲ್ಲಿ ದೊಡ್ಡ ಹೊಡೆದಾಟ ಇಡದೆ ಮೂರು ಜನ ಕೂತು ಮಾತಾಡೋ ಧೈರ್ಯ ಮಾಡಿದ್ದಕ್ಕೆ.

ಇದನ್ನು ಅಭಿಮಾನಿಗಳ ಕೊರಗು ಅಂತ ತಳ್ಳಿಹಾಕೋ ಹಾಗಿಲ್ಲ, ಕಂಪನಿಯೇ ಒಪ್ಪಿಕೊಂಡ ಮಾತು. 2023ರಲ್ಲಿ ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್, ಇಷ್ಟೊಂದು ಸೀರೀಸ್ ಮಾಡಿದ್ದರಿಂದ ಮಾರ್ವೆಲ್‌ನ ಗಮನ ಚದುರಿತು ಅಂತ ಹೇಳಿದರು. ಮರುವರ್ಷ ಸೀರೀಸ್‌ಗಳನ್ನು ವರ್ಷಕ್ಕೆ ಎರಡಕ್ಕೆ ಇಳಿಸುವುದಾಗಿಯೂ ಹೇಳಿದರು. ಇದರ ಮಧ್ಯೆ 'ಡೇರ್‌ಡೆವಿಲ್: ಬಾರ್ನ್ ಅಗೇನ್' ಚಿತ್ರೀಕರಣ ನಡೆದಿತ್ತು, ಹದಿನೆಂಟು ಎಪಿಸೋಡ್‌ಗಳ ಯೋಜನೆ. 2023ರ ಹಾಲಿವುಡ್ ಮುಷ್ಕರಕ್ಕೆ ಕೆಲಸ ನಿಂತಿತು, ಮಾಡಿದ್ದನ್ನು ಕೂತು ನೋಡಿದರು, ಹಿಡಿಸಲಿಲ್ಲ. ಬರಹಗಾರರನ್ನು ಬದಲಿಸಿ ಡೇರಿಯೋ ಸ್ಕಾರ್ಡಪೇನ್ ಅನ್ನೋ ಶೋರನ್ನರ್‌ನನ್ನು ತಂದರು, ಮೊದಲ ಎಪಿಸೋಡ್ ಮತ್ತು ಕೊನೆಯ ಎರಡನ್ನು ಹೊಸದಾಗಿ ತೆಗೆದರು, ಹಳೆಯ ಗೆಳೆಯರನ್ನು ವಾಪಸ್ ಕರೆಸಿದರು. 2025ರ ಮಾರ್ಚ್‌ನಿಂದ ಒಂಬತ್ತು ಎಪಿಸೋಡ್ ಬಂದವು. ಗಮನವಿಟ್ಟು ನೋಡಿದರೆ ಹೊಲಿಗೆ ಎಲ್ಲಿ ಬಿದ್ದಿದೆ ಅಂತ ಕಣ್ಣಿಗೇ ಕಾಣುತ್ತದೆ. ಮೊದಲ ಎಪಿಸೋಡ್ ಹಳೆಯ ಡೇರ್‌ಡೆವಿಲ್, ಎರಡನೆಯದರಿಂದ ಬೇರೆ ಯಾವುದೋ ಕೋರ್ಟು ಧಾರಾವಾಹಿ, ಎಂಟಕ್ಕೆ ಮತ್ತೆ ಮೊದಲಿನ ಬಿಸಿ. ಮಜಾ ಏನೆಂದರೆ ಆ ಹಳೆಯ ಮಾಲಿನಲ್ಲೂ ಒಂದು ಎಪಿಸೋಡ್, ಐದನೆಯದು, ಬ್ಯಾಂಕ್ ದರೋಡೆಯದ್ದು, ತನ್ನಷ್ಟಕ್ಕೆ ತಾನು ಚೆನ್ನಾಗಿ ನಿಲ್ಲುತ್ತದೆ.

ಈಗ ಅಳಿಯನ ಪಾರ್ಟಿಗೆ ಬರೋಣ. 'ದಿ ಬಾಯ್ಸ್' 2019ರ ಜುಲೈನಲ್ಲಿ ಬಂತು. ಗಾರ್ತ್ ಎನಿಸ್ ಮತ್ತು ಡ್ಯಾರಿಕ್ ರಾಬರ್ಟ್‌ಸನ್ ಕಾಮಿಕ್ಸ್, ಟೀವಿಗೆ ತಂದದ್ದು ಎರಿಕ್ ಕ್ರಿಪ್ಕೆ. ಇಲ್ಲಿ ಸೂಪರ್‌ಹೀರೋಗಳು ವಾಟ್ ಅನ್ನೋ ಕಂಪನಿಯ ನೌಕರರು. ಅವರಿಗೆ ಸಿನಿಮಾ ಇದೆ, ಜಾಹೀರಾತು ಇದೆ, ಜನಪ್ರಿಯತೆಯ ರೇಟಿಂಗ್ ಇದೆ, ಮಾಡಿದ ಕೊಲೆ ಮುಚ್ಚೋಕೆ ವಕೀಲರಿದ್ದಾರೆ. ಮೊದಲ ಸೀಸನ್ನಿನ ನಾಲ್ಕನೇ ಎಪಿಸೋಡಿನಲ್ಲಿ ಹೋಮ್‌ಲ್ಯಾಂಡರ್ ಮತ್ತು ಕ್ವೀನ್ ಮೇವ್ ಅಪಹರಣವಾದ ವಿಮಾನದೊಳಗೆ ಹೋಗುತ್ತಾರೆ. ಅಪಹರಣಕಾರನನ್ನು ಸುಡೋ ಭರದಲ್ಲಿ ಇವನು ವಿಮಾನದ ಕಂಟ್ರೋಲ್‌ಗಳನ್ನೇ ಸುಟ್ಟುಹಾಕುತ್ತಾನೆ. ಕೆಳಗಿಂದ ಎತ್ತಿ ಹಿಡಿ ಅಂತ ಮೇವ್ ಕೇಳಿದರೆ, ಗಾಳಿಯಲ್ಲಿ ಕಾಲೂರೋಕೆ ಜಾಗ ಎಲ್ಲಿದೆ ಅನ್ನೋ ಅರ್ಥದ ಮಾತು ಹೇಳುತ್ತಾನೆ. ಸೂಪರ್‌ಮ್ಯಾನ್ ಎಷ್ಟೋ ದಶಕಗಳಿಂದ ವಿಮಾನ ಎತ್ತಿದ್ದೇ ಎತ್ತಿದ್ದು, ಯಾರೂ ಕೇಳದ ಪ್ರಶ್ನೆ ಅದು! ಮಕ್ಕಳನ್ನಾದರೂ ಉಳಿಸೋಣ ಅಂತ ಅವಳು ಬೇಡಿಕೊಳ್ಳುತ್ತಾಳೆ. ಉಳಿದವರು ಹೊರಗೆ ಹೋಗಿ ನಡೆದದ್ದನ್ನು ಹೇಳುತ್ತಾರೆ ಅಂತ ಇವನು ಎಲ್ಲರನ್ನೂ ಬಿಟ್ಟು ಹಾರಿಹೋಗುತ್ತಾನೆ. ಆಮೇಲೆ ದಡದಲ್ಲಿ ನಿಂತು, ನಮ್ಮನ್ನು ಸೈನ್ಯಕ್ಕೆ ಸೇರಿಸಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಟೀವಿಯವರ ಮುಂದೆ ಭಾಷಣ. ಆ್ಯಂಟನಿ ಸ್ಟಾರ್ ಅದನ್ನು ಮಾಡಿರೋ ರೀತಿ ನೋಡಿದರೆ ಮೈ ಜುಮ್ ಅನ್ನುತ್ತದೆ. ಒಂದೇ ಎಪಿಸೋಡಿನಲ್ಲಿ ಆ ಪಾತ್ರ, ಆ ಕಂಪನಿ, ಆ ರಾಜಕೀಯ ಮೂರೂ ಗೊತ್ತಾಗಿಬಿಡುತ್ತದೆ.

ನನ್ನ ತಕರಾರು ಬೇರೆ. ಮೂರನೇ ಸೀಸನ್ ಆದ ಮೇಲೆ ರಕ್ತ, ಅಸಹ್ಯ, ತಲೆ ಸಿಡಿಯೋದು ಎಲ್ಲ ರೂಢಿಯಾಗಿಬಿಟ್ಟಿತು. ಹೋಮ್‌ಲ್ಯಾಂಡರ್‌ನನ್ನು ಕೊನೆಯ ಸೀಸನ್‌ವರೆಗೆ ಮುಟ್ಟೋ ಹಾಗಿಲ್ಲ, ಆದ್ದರಿಂದ ಪ್ರತಿ ವರ್ಷ ಅವನನ್ನು ಕೊಲ್ಲೋ ಒಂದು ಹೊಸ ಆಯುಧ ಸಿಗುತ್ತದೆ, ಪ್ರತಿ ವರ್ಷ ಅದು ಕೈಕೊಡುತ್ತದೆ. ಐದನೇ ಸೀಸನ್‌ಗೆ ಕತೆ ಮುಗಿಸುತ್ತೇನೆ ಅಂತ ಕ್ರಿಪ್ಕೆ 2024ರಲ್ಲಿ ಹೇಳಿದ್ದು ಒಳ್ಳೆಯದೇ ಆಯ್ತು. ಇನ್ನೊಂದು ತಮಾಷೆ ಇದೆ. ಸೂಪರ್‌ಹೀರೋ ಹೆಸರಲ್ಲಿ ಕಂಪನಿಗಳು ಮಾಲು ಮೇಲೆ ಮಾಲು ಬಿಡುತ್ತವೆ ಅಂತ ಗೇಲಿ ಮಾಡೋ ಸೀರೀಸ್‌ಗೆ 'ಡಯಾಬಾಲಿಕಲ್', 'ಜೆನ್ ವಿ' ಅಂತ ಮರಿಗಳು, 'ವಾಟ್ ರೈಸಿಂಗ್' ಅಂತ ಇನ್ನೊಂದರ ಘೋಷಣೆ. ಅಮೆಜಾನ್ ಇದನ್ನು ನೋಡಿ ನಗುತ್ತೋ ಇಲ್ವೋ, ಲೆಕ್ಕ ಅಂತೂ ಬರೆದುಕೊಳ್ಳುತ್ತದೆ. ಅದೇ ಅಮೆಜಾನ್‌ನ 'ಇನ್ವಿನ್ಸಿಬಲ್' ಕಾರ್ಟೂನ್ ಅಂತ ಹುಡುಗರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಮೊದಲ ಎಪಿಸೋಡಿನ ಕೊನೆಯ ಕೆಲವು ನಿಮಿಷ ನೋಡಿದ ಮೇಲೆ ಮಾತಾಡಿ. ಮಕ್ಕಳನ್ನು ಮಾತ್ರ ಪಕ್ಕ ಕೂರಿಸಿಕೊಳ್ಳಬೇಡಿ.

ಡಿಸಿಯ ಒಳ್ಳೆ ಕೆಲಸ ಎಲ್ಲ ವಾರ್ನರ್‌ನದೇ ಚಾನೆಲ್ ಆದ ಎಚ್‌ಬಿಓನಲ್ಲಿ ಆಯಿತು. 2019ರ 'ವಾಚ್‌ಮೆನ್' 1921ರಲ್ಲಿ ಟಲ್ಸಾ ಊರಲ್ಲಿ ನಡೆದ ಕಪ್ಪು ಜನರ ಹತ್ಯಾಕಾಂಡದಿಂದ ಶುರುವಾಗುತ್ತದೆ. ಒಂಬತ್ತೇ ಎಪಿಸೋಡ್, ಅಮೆರಿಕದ ಟೀವಿಗೆ ಕೊಡೋ ಎಮ್ಮಿ ಪ್ರಶಸ್ತಿ 11. ಇನ್ನೊಂದು ಸೀಸನ್ ಮಾಡಿ ಅಂದರೆ ಅದನ್ನು ಮಾಡಿದ ಡೇಮನ್ ಲಿಂಡೆಲಾಫ್ ತನ್ನ ಹತ್ತಿರ ಬೇರೆ ಕತೆ ಇಲ್ಲ ಅಂತ ಸುಮ್ಮನಾದ. ಈ ಕಾಲದಲ್ಲಿ ಇದಕ್ಕಿಂತ ದೊಡ್ಡ ತ್ಯಾಗ ಇಲ್ಲ. 2024ರ 'ದಿ ಪೆಂಗ್ವಿನ್' ಬ್ಯಾಟ್‌ಮ್ಯಾನ್‌ನ ಒಬ್ಬ ಖಳನ ಕತೆ, ಆದರೂ ಎಂಟು ಎಪಿಸೋಡ್‌ಗಳಲ್ಲೂ ಬ್ಯಾಟ್‌ಮ್ಯಾನ್ ಮುಖ ತೋರಿಸೋದಿಲ್ಲ. ನಾಲ್ಕನೇ ಎಪಿಸೋಡ್ ಸೋಫಿಯಾ ಫಾಲ್ಕೋನಿಯದ್ದು. ಅಪ್ಪನೇ ಮಗಳನ್ನು ಹುಚ್ಚಾಸ್ಪತ್ರೆಗೆ ಹಾಕಿಸಿದ ಕತೆ. ಅದನ್ನೊಂದನ್ನೇ ತೆಗೆದು ನೋಡಿದರೂ ಒಂದು ಪೂರ್ತಿ ದುರಂತ ನಾಟಕ. ಆ ಪಾತ್ರ ಮಾಡಿದ ಕ್ರಿಸ್ಟಿನ್ ಮಿಲಿಯೋಟಿಗೆ 2025ರಲ್ಲಿ ಎಮ್ಮಿ ಬಂದದ್ದು ಸುಮ್ನೆ ಅಲ್ಲ.

ಆದರೆ ಇಂಥ ಒಳ್ಳೆಯದನ್ನೆಲ್ಲ ಕತ್ತಲಲ್ಲೇ ತೆಗೀತಾರಲ್ಲ, ಅದು ನಮ್ಮ ಊರಿನ ಕಷ್ಟ. ಏಪ್ರಿಲ್ ಮಧ್ಯಾಹ್ನ ವಿಜಯಪುರದಲ್ಲಿ ಕಿಟಕಿ ಮುಚ್ಚಿದರೂ ಬಿಸಿಲು ಒಳಗೆ ಬರುತ್ತದೆ, ಫೋನಿನಲ್ಲಿ ಪೆಂಗ್ವಿನ್ ಹಾಕಿದರೆ ಕಾಣೋದು ನಮ್ಮದೇ ಮುಖ. "ಆ ಕತ್ತಲಾಗ ಏನ್ ಕಾಣತೈತಿ ಮಾಮಾ, ಅದಕ್ಕ ಬಾಯ್ಸ್ ನೋಡ್ತೀವಿ" ಅಂತ ಅಳಿಯ ಅಂದದ್ದರಲ್ಲಿ ತಪ್ಪೇನಿಲ್ಲ. ಭಾಷೆಯದ್ದೂ ಅಷ್ಟೇ. ಕನ್ನಡದ ದನಿ ಒಮ್ಮೊಮ್ಮೆ ಸಿಗುತ್ತದೆ, ಒಮ್ಮೊಮ್ಮೆ ಇಲ್ಲ, ಸಿಕ್ಕಿದರೂ ಅದು ಬೆಂಗಳೂರಿನ ಸ್ಟುಡಿಯೋ ಕನ್ನಡ. ನ್ಯೂಯಾರ್ಕ್ ಗಲ್ಲಿಯ ರೌಡಿ ಪ್ರಬಂಧ ಓದಿದ ಹಾಗೆ ಬೈಯುತ್ತಾನೆ. ಇಲ್ಲಿ ಹುಡುಗರಿಗೆ ಹಿಂದಿ ಸಲೀಸು, ಆದ್ದರಿಂದ ಹಿಂದಿಯಲ್ಲೇ ನೋಡುತ್ತಾರೆ. ಬೈಗುಳ ಜಾಸ್ತಿ ಇರೋ ಬಾಯ್ಸ್‌ಗೆ ಅದರಿಂದ ಲಾಭ, ಮಾತಿನ ಮೇಲೆ ನಿಂತ ವಾಚ್‌ಮೆನ್‌ನಂಥವಕ್ಕೆ ನಷ್ಟ.

ಹಿಂದಿಯಲ್ಲಿ ಸೂಪರ್‌ಹೀರೋ ನೋಡೋದು ನಮಗೆ ಹೊಸದೂ ಅಲ್ಲ. 1997ರಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಶುರುವಾದಾಗ ಊರು ಇನ್ನೂ ಬಿಜಾಪುರ. ಮರುವರ್ಷವೇ ಪೈಪೋಟಿಗೆ ಮಿಲಿಂದ್ ಸೋಮನ್ 'ಕ್ಯಾಪ್ಟನ್ ವ್ಯೋಮ್' ಆಗಿ ಬಂದ, ಬಾಹ್ಯಾಕಾಶ ನೌಕೆ, ಗ್ರಾಫಿಕ್ಸ್ ಎಲ್ಲ ಇತ್ತು. ಗೆದ್ದದ್ದು ಶಕ್ತಿಮಾನ್ ಆಗಿದ್ದ ಮುಖೇಶ್ ಖನ್ನಾ, ಸೀರಿಯಲ್ 2005ರವರೆಗೆ ಓಡಿತು. ದಪ್ಪ ಕನ್ನಡಕದ ಗಂಗಾಧರ ಪತ್ರಿಕೆ ಆಫೀಸಿನಲ್ಲಿ ಎಡವಟ್ಟು ಮಾಡುತ್ತಿದ್ದ, ಕಿಲ್ವಿಶ್ ಕತ್ತಲು ಉಳಿಯಲಿ ಅಂತ ಕೂಗುತ್ತಿದ್ದ, ಕೊನೆಗೆ ಮಕ್ಕಳಿಗೊಂದು ಬುದ್ಧಿಮಾತು, ತಪ್ಪು ಮಾಡಿದವನ 'ಸಾರಿ ಶಕ್ತಿಮಾನ್'. ಕರೆಂಟು ಹೋದರೆ ಆ ವಾರದ ಕತೆ ಹೋಯಿತು, ಮುಂದಿನ ವಾರ ಕೂತರೆ ಏನೂ ಕಳೆದುಕೊಂಡ ಹಾಗೆ ಇರುತ್ತಿರಲಿಲ್ಲ. ಗ್ರಾಫಿಕ್ಸ್ ಈಗ ನೋಡಿದರೆ ಅಳು ಬರುತ್ತದೆ, ಆದರೆ ಸೀಕ್ರೆಟ್ ಇನ್ವೇಷನ್‌ಗಿಂತ ಎಪಿಸೋಡ್ ಕಟ್ಟೋದು ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ನಾನು ಹೇಳಿದರೆ ರೂಮಿನ ಹುಡುಗರು ಹೊಡೆಯೋಕೆ ಬರ್ತಾರೆ.

ಒಂದು ತಿಂಗಳ ಪ್ಯಾಕ್ ಇದ್ದು ಯಾವುದು ನೋಡಲಿ ಅಂತ ಕೇಳಿದರೆ ನನ್ನ ಸಾಲು ಹೀಗಿದೆ: ಮೊದಲು ಡೇರ್‌ಡೆವಿಲ್‌ನ ಹಳೆಯ ಮೂರು ಸೀಸನ್, ಆಮೇಲೆ ಪೆಂಗ್ವಿನ್, ಆಮೇಲೆ ವಾಂಡಾವಿಷನ್, ಮೂರೂ ರಾತ್ರಿ ಲೈಟ್ ಆರಿಸಿಕೊಂಡು. ಬಾಯ್ಸ್ ಮೊದಲ ಎರಡು ಸೀಸನ್ ಹಗಲಲ್ಲೂ ನಡೆಯುತ್ತದೆ. ಫ್ಲ್ಯಾಶ್ ಮೊದಲ ಸೀಸನ್‌ಗೆ ನಿಲ್ಲಿಸಿ.